ಗ್ಯಾಲಕ್ಸಿ, ಮುದಿ ನಕ್ಷತ್ರ: ಎರಡನ್ನೂ ಹಿಡಿದು ಪಿಎಚ್‌ಡಿ ಮಾಡಬಹುದಾ?

ಚುಕ್ಕಿಮರುಳ:
ಎಂ.ಎಸ್‌ಸಿ. ಫಿಸಿಕ್ಸ್ ಮುಗಿಯುತ್ತಾ ಬಂತು. ನನಗೆ ಗ್ಯಾಲಕ್ಸಿಗಳೂ ಇಷ್ಟ, ಕೊನೆಗಾಲಕ್ಕೆ ಬಂದ ಕೆಂಪು ದೈತ್ಯ ನಕ್ಷತ್ರಗಳೂ ಇಷ್ಟ. ಒಂದನ್ನು ಬಿಡಲೇಬೇಕು ಅಂತ ಎಲ್ಲರೂ ಹೆದರಿಸುತ್ತಿದ್ದಾರೆ. ನಿಜಾನಾ? ಮತ್ತೆ, ರಾತ್ರಿಯೆಲ್ಲ ದೂರದರ್ಶಕದ ಹತ್ತಿರವೇ ಇರಬೇಕಾ?

ರಾತ್ರಿಪಾಳಿ:
ಎರಡನೇ ಪ್ರಶ್ನೆ ಸುಲಭ. ಇಲ್ಲ. ವರ್ಷಕ್ಕೆ ನಾಲ್ಕಾರು ರಾತ್ರಿ ಸಿಕ್ಕರೆ ಪುಣ್ಯ. ಏನು ನೋಡಬೇಕು, ಯಾಕೆ, ಎಷ್ಟು ಹೊತ್ತಿನ ಎಕ್ಸ್‌ಪೋಷರ್ ಅಂತ ತಿಂಗಳುಗಳ ಮೊದಲೇ ಪ್ರಪೋಸಲ್ ಬರೆಯಬೇಕು, ಜಾಸ್ತಿ ಪ್ರಪೋಸಲ್‌ಗಳು ವಾಪಸ್ ಬರುತ್ತವೆ, ಒಪ್ಪಿದರೂ ಆ ರಾತ್ರಿ ಮೋಡ ಕವಿದರೆ ಕಥೆ ಮುಗಿಯಿತು. ನನಗೆ ಒಂದು ಸಲ ಸಿಕ್ಕಿದ್ದು ಮೂರು ರಾತ್ರಿ, ಮೂರೂ ರಾತ್ರಿ ಗುಮ್ಮಟದ ಬಾಗಿಲೇ ತೆಗೆಯಲಿಲ್ಲ! ದೊಡ್ಡ ದೂರದರ್ಶಕಗಳಲ್ಲಿ ಎಷ್ಟೋ ಸಲ ಅಲ್ಲಿಯ ಸಿಬ್ಬಂದಿಯೇ ನೋಡಿ ಡೇಟಾ ಕಳಿಸುತ್ತಾರೆ. ಉಳಿದಿದ್ದೆಲ್ಲ ಕಂಪ್ಯೂಟರ್ ಮುಂದೆ, ಫ್ಲ್ಯಾಟ್ ಹಾಕಿ ಚಿತ್ರದ ಏರುಪೇರು ಸರಿಮಾಡುವುದು, ಫೋಟೊಮೆಟ್ರಿ ಅಂದರೆ ಬೆಳಕಿನ ಪ್ರಮಾಣ ಅಳೆಯುವುದು, ಪೈಥಾನ್ ಕೋಡ್ ಜೊತೆ ಜಗಳ. ಅದು ಇಷ್ಟವಾಗದಿದ್ದರೆ ಈಗಲೇ ಯೋಚಿಸಿ.

ಕೆಂಪಜ್ಜ:
ಹೆದರಿಸಿದವರ ಮಾತು ಬಿಡಿ. ವಯಸ್ಸಾದ ಗ್ಯಾಲಕ್ಸಿಯಿಂದ ಬರುವ ಬೆಳಕಿನಲ್ಲಿ ದೊಡ್ಡ ಪಾಲು ಕೆಂಪು ದೈತ್ಯಗಳದ್ದೇ, ಇವು ತಿಳಿಯದೆ ಅದು ಹೇಗೆ ತಿಳಿಯುತ್ತೆ? ಖಗೋಳಶಾಸ್ತ್ರಜ್ಞ ವಾಲ್ಟರ್ ಬಾಡೆ ಕಥೆ ನೋಡಿ. ಎರಡನೇ ಮಹಾಯುದ್ಧದ ಹೊತ್ತು, ಜೊತೆಯವರೆಲ್ಲ ಯುದ್ಧದ ಕೆಲಸಕ್ಕೆ ಹೋದರು, ಇವರು ಜರ್ಮನಿಯವರು ಅಂತ ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲೇ ಉಳಿದರು. ಕೆಳಗೆ ಲಾಸ್ ಏಂಜಲಿಸ್‌ನಲ್ಲಿ ದೀಪ ಆರಿಸುತ್ತಿದ್ದರು, ಆಕಾಶ ಕಪ್ಪಗಿತ್ತು. 100 ಇಂಚಿನ ದೂರದರ್ಶಕ, ಕೆಂಪು ಬೆಳಕು ಹಿಡಿಯುವ ಫೋಟೊ ಪ್ಲೇಟು. ಅಲ್ಲಿಯವರೆಗೆ ಬರೀ ಮಬ್ಬಾಗಿದ್ದ ಆಂಡ್ರೊಮಿಡಾ ಗ್ಯಾಲಕ್ಸಿಯ ನಡುಭಾಗದಲ್ಲಿ ಒಂದೊಂದೇ ಕೆಂಪು ನಕ್ಷತ್ರ ಬಿಡಿಯಾಗಿ ಕಂಡಿತು. ನಕ್ಷತ್ರಗಳಲ್ಲಿ ಎರಡು ಬಗೆ ಇವೆ ಅಂತ 1944ರಲ್ಲಿ ಬರೆದರು. ಇದು ಗ್ಯಾಲಕ್ಸಿ ಕೆಲಸವೋ, ನಕ್ಷತ್ರದ ಕೆಲಸವೋ, ನೀವೇ ಹೇಳಿ.

ಇನ್ನೊಂದು, ನನಗೆ ತುಂಬಾ ಇಷ್ಟ. 1952ರಲ್ಲಿ ಖಗೋಳಶಾಸ್ತ್ರಜ್ಞ ಪಾಲ್ ಮೆರಿಲ್ ಕೆಲವು ಕೆಂಪು ದೈತ್ಯಗಳ ರೋಹಿತದಲ್ಲಿ, ಅಂದರೆ ಬಣ್ಣಗಳಾಗಿ ಬಿಡಿಸಿದ ಬೆಳಕಿನಲ್ಲಿ, ಟೆಕ್ನೀಷಿಯಂ ಎಂಬ ವಿಕಿರಣಶೀಲ ಮೂಲಧಾತು ಕಂಡರು. ಇದರ ಯಾವ ಐಸೊಟೋಪೂ (ಬೇರೆ ಬೇರೆ ತೂಕದ ಪರಮಾಣು ರೂಪ) ಕೆಲವು ದಶಲಕ್ಷ ವರ್ಷಕ್ಕಿಂತ ಜಾಸ್ತಿ ಬಾಳುವುದಿಲ್ಲ, ನಕ್ಷತ್ರಕ್ಕೋ ಅದಕ್ಕಿಂತ ಎಷ್ಟೋ ಪಟ್ಟು ವಯಸ್ಸು. ಅಂದರೆ ಅದು ಆ ನಕ್ಷತ್ರದ ಹೊಟ್ಟೆಯಲ್ಲೇ ತಯಾರಾಗಿದೆ ಅಲ್ವಾ? ಅಲ್ಲಿ ಹುಟ್ಟಿದ್ದು ಹೊರಗೆ ಚೆಲ್ಲಿ ಗ್ಯಾಲಕ್ಸಿಯ ಅನಿಲಕ್ಕೆ ಸೇರುತ್ತದೆ, ಮುಂದಿನ ನಕ್ಷತ್ರ ಅದರಿಂದಲೇ.

ಚುಕ್ಕಿಮರುಳ:
ಟೆಕ್ನೀಷಿಯಂ ವಿಷಯ ಗೊತ್ತೇ ಇರಲಿಲ್ಲ! ದೂರದರ್ಶಕ ಇಲ್ಲದೆ ಈಗಲೇ ಏನಾದರೂ ಶುರು ಮಾಡಬಹುದಾ?

ರಾತ್ರಿಪಾಳಿ:
ಬೆಳಕು ಏರಿಳಿಯುವ ನಕ್ಷತ್ರಗಳನ್ನು ನೋಡುವವರ ಸಂಘ ಎಎವಿಎಸ್‌ಒ ಇದೆ, ಅದರ ಡೇಟಾ ಉಚಿತ. ಮೈರಾ ಅಂತ ಒಂದು ಕೆಂಪು ದೈತ್ಯ, ಅದರ ಬೆಳಕಿನ ಕೆಲವು ವರ್ಷಗಳ ಅಳತೆ ಇಳಿಸಿಕೊಂಡು ಏರಿಳಿತದ ಅವಧಿ ಲೆಕ್ಕ ಹಾಕಿ. ಸುಮಾರು 332 ದಿನ ಬರಬೇಕು. ಬರದಿದ್ದರೆ ಕೋಡ್ ಇಲ್ಲೇ ಹಾಕಿ, ನೋಡೋಣ.