ಸಹಾಯ ಬೇಕು: ರೈಟರ್‌ನಲ್ಲಿ ಇಟಾಲಿಕ್ ಉಳಿಸಿಕೊಂಡು ಉಳಿದ ಫಾರ್ಮ್ಯಾಟಿಂಗ್ ತೆಗೆಯುವುದು ಹೇಗೆ?

ಲಿಬ್ರೆಆಫೀಸ್‌ನ ಬರವಣಿಗೆ ತಂತ್ರಾಂಶ ರೈಟರ್ ಬಲ್ಲವರು ದಯವಿಟ್ಟು ನೋಡಿ. ಸುಮಾರು 300 ಪುಟಗಳ ಸಂಶೋಧನ ಪ್ರಬಂಧ, ಪೂರ್ತಿ ಯೂನಿಕೋಡ್ ಕನ್ನಡ, ಓಡಿಟಿ ಫೈಲ್.

ಅಧ್ಯಾಯದ ತಲೆಬರಹಗಳಿಗೆಲ್ಲ ಸ್ಟೈಲ್ (ಹೆಸರಿಟ್ಟು ಉಳಿಸಿದ ಫಾರ್ಮ್ಯಾಟಿಂಗ್) ಹಾಕದೆ, ಸುಮ್ಮನೆ ಬೋಲ್ಡ್ ಮಾಡಿ ಗಾತ್ರ 18 ಕೊಟ್ಟಿದೆ. ಹಾಗಾಗಿ ಪರಿವಿಡಿ ಖಾಲಿ ಬರುತ್ತಿದೆ. ಈಗ ಕಂಟ್ರೋಲ್+1 ಒತ್ತಿ ‘ಹೆಡಿಂಗ್ 1’ ಕೊಟ್ಟರೆ ಪರಿವಿಡಿಗೇನೋ ಸೇರುತ್ತದೆ, ಆದರೆ ಹಳೆಯ 18 ಅದರ ಮೇಲೆ ಹಾಗೇ ಕೂತಿರುತ್ತದೆ.

‘ಸ್ಟೈಲ್‌ನ ಗಾತ್ರ ಬದಲಿಸಿದರೂ ಕನ್ನಡ ಅಕ್ಷರ ಕದಲುವುದಿಲ್ಲ’ ಎಂಬ ಮಾಮೂಲಿ ಸಮಸ್ಯೆ ಇದಲ್ಲ. ಎಫ್11 ಒತ್ತಿ, ಸ್ಟೈಲ್ ಮೇಲೆ ಬಲ ಕ್ಲಿಕ್ ಮಾಡಿ, ಫಾಂಟ್ ಪುಟದಲ್ಲಿ ವೆಸ್ಟರ್ನ್ ಬಿಟ್ಟು, ಕನ್ನಡದಂಥ ಲಿಪಿಗಳಿಗೆ ಮೀಸಲಾದ ಸಿಟಿಎಲ್ (ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್) ಭಾಗದಲ್ಲೇ ನೋಟೋ ಸೆರಿಫ್ ಕನ್ನಡ, 16 ಎಂದು ಕೊಟ್ಟಾಗಿದೆ.

ತೊಡಕು ಇರುವುದು ಇಲ್ಲಿ. ಕಂಟ್ರೋಲ್+ಎಂ ಸ್ಟೈಲ್‌ಗಳನ್ನು ಮುಟ್ಟದೆ, ನೇರವಾಗಿ ಹಾಕಿದ ಫಾರ್ಮ್ಯಾಟಿಂಗನ್ನಷ್ಟೇ ಅಳಿಸುತ್ತದೆ. ಎಲ್ಲ ಆಯ್ದು ಅದನ್ನು ಒತ್ತಿದರೆ ಕೃತಿಗಳ ಹೆಸರಿಗೆ ಹಾಕಿದ ಇಟಾಲಿಕ್ ಕೂಡ ಹೋಗುತ್ತದೆ. ಮೊದಲು ಅವನ್ನು ‘ಎಂಫಸಿಸ್’ ಎಂಬ ಕ್ಯಾರೆಕ್ಟರ್ ಸ್ಟೈಲ್‌ಗೆ (ಬಿಡಿ ಪದಗಳಿಗೆ ಹಾಕುವ ಸ್ಟೈಲ್) ಬದಲಿಸಬೇಕು. ಫೈಂಡ್ ಅಂಡ್ ರಿಪ್ಲೇಸ್‌ನ ಫಾರ್ಮ್ಯಾಟ್ ಗುಂಡಿಯಲ್ಲಿ ಇಟಾಲಿಕ್ ಆರಿಸಿ, ‘ಫೈಂಡ್ ಆಲ್’ ಕೊಟ್ಟು, ಸಿಕ್ಕಿದ್ದಕ್ಕೆಲ್ಲ ಒಟ್ಟಿಗೆ ಸ್ಟೈಲ್ ಹಚ್ಚಬಹುದು. ಇಲ್ಲೂ ಸಿಟಿಎಲ್ ಭಾಗದ ಇಟಾಲಿಕ್ಕೇ ಆಗಬೇಕು. ವೆಸ್ಟರ್ನ್‌ನದು ಆರಿಸಿದರೆ ಕನ್ನಡ ಪದ ಒಂದೂ ಸಿಗದು.

ಇನ್ನು ಅಡಿಟಿಪ್ಪಣಿಗಳು, ಬರೋಬ್ಬರಿ 400. ಮೈಪಠ್ಯದಲ್ಲಿ ಕಂಟ್ರೋಲ್+ಎ ಒತ್ತಿದರೆ ಅವು ಆಯ್ಕೆಗೆ ಬರುವುದೇ ಇಲ್ಲ. ಒಂದೊಂದರೊಳಗೂ ಹೋಗಿ ಕಂಟ್ರೋಲ್+ಎಂ ಒತ್ತುವುದು ಆಗದ ಮಾತು. ಅಡಿಟಿಪ್ಪಣಿಗಳಲ್ಲೂ ಇಟಾಲಿಕ್ಕನ್ನು ಎಂಫಸಿಸ್‌ಗೆ ಬದಲಿಸಿ ಮಿಕ್ಕಿದ್ದನ್ನು ಅಳಿಸುವ ಮ್ಯಾಕ್ರೋ (ಕೆಲಸವನ್ನು ತಾನೇ ಮಾಡುವ ಪುಟ್ಟ ಪ್ರೋಗ್ರಾಂ) ಯಾರ ಬಳಿಯಾದರೂ ಇದೆಯೇ? ಬೇಸಿಕ್ ಆದರೂ ಸರಿ, ಪೈಥಾನ್ ಆದರೂ ಸರಿ. ಡಾಕ್ಸ್‌ಗೆ ಬದಲಿಸಿಕೊಂಡು ವರ್ಡ್‌ನಲ್ಲಿ ಮಾಡುವ ಸಲಹೆ ಬೇಡ.