ಯುಗಾದಿಗೆ ನೂರು ಸಸಿ ನೆಡಬೇಕು ಅಂತಿದ್ದೇವೆ, ಕಲಬುರಗಿ ಬಿಸಿಲಿಗೆ ಇದು ಸರಿನಾ?

ಸೇಡಂ ರಸ್ತೆ ಬಳಗ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಹೋದ ಮಳೆಗಾಲದಲ್ಲಿ ನಮ್ಮ ಬಡಾವಣೆಯ ಅಕ್ಕಪಕ್ಕದ ಮನೆಯವರೆಲ್ಲ ಸೇರಿ ಒಂದು ತೋಟದ ಬಳಗ ಶುರು ಮಾಡಿದೆವು. ಪಾರ್ಕಿಗೆ ಅಂತ ಬಿಟ್ಟ ಜಾಗದಲ್ಲಿ ಬೇವು, ಹೊಂಗೆ, ನೇರಳೆ, ನುಗ್ಗೆ ಹಾಕಿದ್ದೇವೆ. ಬಹಳಷ್ಟು ಬದುಕಿವೆ. ಮಣ್ಣು ಅಪ್ಪಟ ಎರೆ ಮಣ್ಣು. ನೀರಿಗೆ ಒಂದು ಬೋರ್‌ವೆಲ್ ಇದೆ, ಏಪ್ರಿಲ್ ಹೊತ್ತಿಗೆ ಅದೂ ಸೊರಗುತ್ತದೆ.

ಈಗ ಶಿವರಾತ್ರಿ ಮುಗಿಯಿತು. ಯುಗಾದಿ ದಿನ ಎಲ್ಲರೂ ಸೇರಿ ನೂರು ಸಸಿ ನೆಡೋಣ ಎಂದು ಬಳಗದಲ್ಲಿ ತುಂಬಾ ಜನಕ್ಕೆ ಆಸೆ. ಇಂಟರ್‌ನೆಟ್‌ನಲ್ಲಿ ಎಲ್ಲಿ ನೋಡಿದರೂ ವಸಂತ ಅಂದರೆ ನೆಡುವ ಕಾಲ ಅಂತಲೇ ಇದೆ. ಆದರೆ ನಮ್ಮ ಓಣಿಯ ಹಿರಿಯರೊಬ್ಬರು ಬೇಡವೇ ಬೇಡ ಅನ್ನುತ್ತಾರೆ. ಇನ್ನು ಕೆಲವರಿಗೆ ಮಕ್ಕಳು ಆಡಲು ಹುಲ್ಲುಹಾಸು ಬೇಕಂತೆ. ಭಾನುವಾರ ಬೆಳಗ್ಗೆ ಕೆಲಸಕ್ಕೆ ಬರುವ ಜನ ಇದ್ದಾರೆ, ಉತ್ಸಾಹ ಇದೆ, ಅದು ಸುಮ್ನೆ ಹಾಳಾಗಬಾರದು. ಈಗಿಂದ ಮಳೆ ಬರುವ ತನಕ ನಾವು ಏನು ಮಾಡಿದರೆ ಉಪಯೋಗ? ಈ ಕಡೆಯ ಮಣ್ಣು, ಬಿಸಿಲು ಗೊತ್ತಿರುವವರು ಹೇಳಿ.

ಎರೆಮಣ್ಣು

ಆ ಹಿರಿಯರ ಮಾತು ಕೇಳಿ. ಯುಗಾದಿಗೆ ನೂರು ಸಸಿ ದಯವಿಟ್ಟು ಬೇಡ.

ಇಂಟರ್‌ನೆಟ್‌ನಲ್ಲಿ ಹೇಳುವ ವಸಂತ ಹಿಮ ಬೀಳುವ ದೇಶಗಳದ್ದು. ಅಲ್ಲಿ ವಸಂತದ ಹಿಂದೆಯೇ ಹಿತವಾದ ಬೇಸಿಗೆ ಬರುತ್ತದೆ. ನಮ್ಮಲ್ಲಿ ಹೋಳಿ ಮುಗಿದು ಶರಣಬಸವೇಶ್ವರರ ತೇರು ಎಳೆಯುವಷ್ಟರಲ್ಲಿ ಬಿಸಿಲು ಚುರುಕಾಗಿರುತ್ತದೆ, ಏಪ್ರಿಲ್ ಕೊನೆ ಮತ್ತು ಮೇ ತಿಂಗಳಲ್ಲಿ 42, 43 ಡಿಗ್ರಿ ಮಾಮೂಲು. ಯುಗಾದಿಗೆ ನೆಟ್ಟ ಸಸಿ ಮಳೆ ಕಾಣಬೇಕಾದರೆ ಎರಡು ತಿಂಗಳ ಮೇಲೆ ಕಾಯಬೇಕು. ಅಷ್ಟು ದಿನ ಅದರ ಬೇರು ಚೀಲದಲ್ಲಿದ್ದ ಮಣ್ಣಿನ ಮುದ್ದೆಯಷ್ಟೇ ಇರುತ್ತದೆ. ಜೊತೆಗೆ ಎರೆ ಮಣ್ಣು ಒಣಗಿ ಬಿರುಕು ಬಿಟ್ಟಾಗ ಎಳೆ ಬೇರು ಹರಿಯುತ್ತದೆ, ಒಳಗಿದ್ದ ತೇವವೂ ಅದೇ ಬಿರುಕಿನಿಂದ ಆರಿ ಹೋಗುತ್ತದೆ. ಕೆಲವನ್ನು ನೀರು ಹೊತ್ತು ಉಳಿಸಬಹುದು, ಆದರೆ ನೂರಕ್ಕೆ ಸಾಕಾಗುವಷ್ಟು ನೀರು ಆ ಬೋರ್‌ವೆಲ್‌ನಲ್ಲಿ ಇರುವುದಿಲ್ಲ, ನೀವೇ ಹೇಳಿದ್ದೀರಿ.

ನನ್ನ ಪ್ರಕಾರ ಈ ವಸಂತದ ಮೊದಲ ಕೆಲಸ ಹೋದ ವರ್ಷ ನೆಟ್ಟದ್ದನ್ನು ಜೂನ್ ತನಕ ದಾಟಿಸುವುದು. ಸಸಿಗೆ ಮೊದಲ ಬೇಸಿಗೆಯೇ ಕಷ್ಟದ್ದು, ಅದನ್ನು ದಾಟಿದ ಬೇವು ಹೊಂಗೆ ಆಮೇಲೆ ತಾವೇ ನೋಡಿಕೊಳ್ಳುತ್ತವೆ. ಪ್ರತಿ ಸಸಿಗೆ ಅಗಲವಾದ ಪಾತಿ ಮಾಡಿ. ಮೇಲಿನ ಎರಡು ಮೂರು ಇಂಚು ಮಣ್ಣನ್ನು ಕಳೆ ಕೀಳುವ ಕುರ್ಚಿಗೆಯಿಂದ ಕೆದಕಿ ಬಿರುಕು ಮುಚ್ಚಿ. ಅದರ ಮೇಲೆ ನಾಲ್ಕು ಇಂಚು ದಪ್ಪ ಒಣ ಎಲೆ ಹಾಸಿ, ಆದರೆ ಕಾಂಡಕ್ಕೆ ತಾಗಿಸಬೇಡಿ, ಕೊಳೆಯುತ್ತದೆ. ದಿನಾ ಒಂದು ಚೊಂಬು ಹಾಕುವ ಬದಲು ವಾರಕ್ಕೆ ಎರಡು ಸಲ ಸಂಜೆ ಹೊತ್ತು ಬುಡ ತುಂಬಾ ಕುಡಿಸಿ. ದಿನಾ ಸ್ವಲ್ಪ ಸ್ವಲ್ಪ ಹಾಕಿದರೆ ಬೇರು ಮೇಲೆಯೇ ಉಳಿಯುತ್ತದೆ, ಕಾದ ಮಣ್ಣಿನಲ್ಲಿ ಬೇಯುತ್ತದೆ.

ಒಣ ಎಲೆ ಎಲ್ಲಿಂದ ತರಬೇಕು ಅಂತೀರಾ? ಈಗ ಊರ ತುಂಬಾ ಬೇವು, ಅರಳಿ ಎಲೆ ಉದುರಿಸುವ ಸಮಯ. ಬೆಳಗ್ಗೆ ಗುಡಿಸಿ ರಸ್ತೆ ಬದಿಯಲ್ಲೇ ಬೆಂಕಿ ಹಚ್ಚುತ್ತಾರೆ, ಇದನ್ನು ನೋಡಿದಾಗೆಲ್ಲ ನನಗೆ ಸಂಕಟ ಆಗುತ್ತದೆ. ಬಯಲಿನಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಆದರೆ ದಂಡದ ಮಾತು ಎತ್ತಬೇಡಿ. ಗುಡಿಸುವವರ ಹತ್ತಿರ ಹೋಗಿ ನಾಲ್ಕು ಖಾಲಿ ಗೋಣಿಚೀಲ ಕೊಟ್ಟು, ಇದರಲ್ಲಿ ತುಂಬಿಡಿ ನಾವು ಒಯ್ಯುತ್ತೇವೆ ಎಂದು ಪ್ರೀತಿಯಿಂದ ಕೇಳಿ. ಅವರಿಗೂ ಹೊಗೆ ಕುಡಿಯುವುದು ಬೇಕಾಗಿಲ್ಲ. ನಿಮ್ಮ ಭಾನುವಾರದ ಜನಕ್ಕೆ ಇದಕ್ಕಿಂತ ಒಳ್ಳೆಯ ಕೆಲಸ ನನಗೆ ತೋಚುವುದಿಲ್ಲ. ಹಾಸಿ ಉಳಿದದ್ದನ್ನು ಗುಂಡಿಯಲ್ಲಿ ಹಾಕಿ, ಒಂದು ಪದರ ಎಲೆ, ಒಂದು ಪದರ ಸಗಣಿ ನೀರು ಅಥವಾ ಅಡುಗೆಮನೆ ಕಸ. ನಮ್ಮ ಬೇಸಿಗೆಯಲ್ಲಿ ನೆಲದ ಮೇಲಿನ ರಾಶಿ ಒಣಗಿ ಗೊಬ್ಬರವೇ ಆಗುವುದಿಲ್ಲ, ಗುಂಡಿಯೇ ಬೇಕು, ಮೇಲೆ ಹಳೆ ಗೋಣಿ ಮುಚ್ಚಿ ತೇವ ಹಿಡಿದಿಡಬೇಕು.

ಹುಲ್ಲುಹಾಸು ಪೂರ್ತಿ ಬಿಡಿ. ಆ ನೀರಿನಲ್ಲಿ ಎಷ್ಟೋ ಮರ ಬೆಳೆಯುತ್ತವೆ.

ಬೀದರ್ ಕೆಮ್ಮಣ್ಣು

ಮೇಲಿನವರು ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಇದನ್ನು ಓದುವ ಬೀದರ್‌ನವರು ಎಲ್ಲವನ್ನೂ ಹಾಗೇ ಮಾಡಬೇಡಿ, ನಮ್ಮ ಊರಿನ ಮಣ್ಣು ಬೇರೆ. ಬೀದರ್ ಪಟ್ಟಣ ಕೂತಿರುವುದು ಜಂಬಿಟ್ಟಿಗೆ ಕಲ್ಲಿನ ಮೇಲೆ. ನೀರು ಹಾಕಿದರೆ ನಿಲ್ಲುವುದೇ ಇಲ್ಲ, ಸರ್ರನೆ ಕೆಳಗಿಳಿಯುತ್ತದೆ. ನೌಬಾದ್‌ನ ಸುರಂಗ ಬಾವಿ ನಡೆಯುವುದೂ ಇದೇ ಗುಣದಿಂದ. ಕೆಂಪು ಕಲ್ಲಿನಲ್ಲಿ ಇಳಿದ ನೀರು ಕೆಳಗಿನ ಕಪ್ಪು ಬಂಡೆಗೆ ಬಂದು ತಡೆಯುತ್ತದೆ, ಬಹಮನಿಯರ ಕಾಲದವರು ಅಲ್ಲಿಗೇ ಸುರಂಗ ಕೊರೆದು ನೀರನ್ನು ಹರಿಸಿಕೊಂಡರು.

ಹಾಗಾಗಿ ನಮಗೆ ನೀರು ಹಿಡಿದಿಡುವ ಮಣ್ಣು ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಕೆರೆ ಬತ್ತಿದಾಗ ಹೂಳು ಸಿಗುತ್ತದೆ, ಪಂಚಾಯಿತಿಯವರನ್ನು ಕೇಳಿ ಒಂದು ಟ್ರ್ಯಾಕ್ಟರ್ ತಂದು ಗುಂಡಿಗೆ ಬೆರೆಸಿ. ಕಲಬುರಗಿಯವರಿಗೆ ಇದರ ಉಲ್ಟಾ. ನಿಮ್ಮ ಗುಂಡಿಗೆ ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ಬೇಕು, ಹೂಳು ಬೇಡ.

ಇನ್ನೊಂದು ಮಾತು. ನಮ್ಮ ಓಣಿಯಲ್ಲಿ ಒಂದು ಸಂಸ್ಥೆಯವರು ಪರಿಸರ ದಿನ ಅಂತ ಜೂನ್ 5ಕ್ಕೆ ಬಂದು ಸಾಲಾಗಿ ಸಸಿ ನೆಟ್ಟು ಫೋಟೋ ತೆಗೆಸಿಕೊಂಡು ಹೋದರು. ಮಳೆ ಆ ವರ್ಷ ತಡ ಆಯಿತು, ಯಾರೂ ತಿರುಗಿ ನೋಡಲಿಲ್ಲ, ಕಡ್ಡಿಗಳಷ್ಟೇ ಉಳಿದವು. ಈ ಕಡೆ ಮಳೆಗಾಲ ಕಾಲಿಡುವುದೇ ಜೂನ್ ಎರಡನೇ ವಾರದ ಹೊತ್ತಿಗೆ, ಅದೂ ಮೊದಲ ಮಳೆ ನಂಬುವಂಥದ್ದಲ್ಲ. 1950ರಲ್ಲಿ ಕೆ. ಎಂ. ಮುನ್ಷಿ ಅವರು ಶುರು ಮಾಡಿದ ವನಮಹೋತ್ಸವ ಜುಲೈ ಮೊದಲ ವಾರದಲ್ಲಿ ಬರುತ್ತದೆ, ನಮ್ಮ ಜಿಲ್ಲೆಗಳಿಗೆ ಅದೇ ಹೊಂದುತ್ತದೆ. ಎರಡು ಮೂರು ಒಳ್ಳೆ ಮಳೆ ಬಿದ್ದು ಮಣ್ಣು ಒಂದು ಅಡಿ ಆಳಕ್ಕೆ ನೆನೆದಿರಬೇಕು.

ಸೇಡಂ ರಸ್ತೆ ಬಳಗ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಇಬ್ಬರಿಗೂ ತುಂಬಾ ಧನ್ಯವಾದ. ಸರಿ, ಯುಗಾದಿಗೆ ನೆಡುವುದಿಲ್ಲ. ಆದರೆ ಜನ ಸೇರಲು ಏನಾದರೂ ಬೇಕಲ್ವಾ? ಮಕ್ಕಳಿಗೆ ಬರೀ ಎಲೆ ಗುಡಿಸಿ ಅಂದರೆ ಮುಂದಿನ ವಾರ ಬರುವುದಿಲ್ಲ. ಮತ್ತೆ ಗುಂಡಿ ಯಾವಾಗ ತೋಡಬೇಕು? ಎರೆ ಮಣ್ಣು ಈಗಲೇ ಕಲ್ಲಿನಂತಾಗಿದೆ, ಹಾರೆ ಇಳಿಯುತ್ತಿಲ್ಲ.

ಮಾಳಿಗೆ ತೋಟ (ಕಲಬುರಗಿ)

ಯುಗಾದಿಗೆ ಬೀಜ ಹಂಚುವ ಹಬ್ಬ ಮಾಡಿ! ನೆಡುವುದಕ್ಕಿಂತ ಜಾಸ್ತಿ ಸಂಭ್ರಮ ಇರುತ್ತದೆ ಎಂದು ಧೈರ್ಯವಾಗಿ ಹೇಳುತ್ತೇನೆ. ಪ್ರತಿ ಮನೆಯವರೂ ತಮ್ಮಲ್ಲಿರುವ ಬೀಜ ತರಲಿ. ಪುಂಡಿ, ರಾಜಗಿರಿ, ಚವಳಿ, ಬೆಂಡಿ, ಹೀರೆ, ಹಾಗಲ. ಹಳ್ಳಿಯಿಂದ ಬಂದ ಅಜ್ಜಿಯರ ಗಂಟಿನಲ್ಲಿ ಅಂಗಡಿಯಲ್ಲಿ ಸಿಗದ ಬೀಜ ಇರುತ್ತವೆ, ಅದನ್ನು ಬೂದಿ ಹಾಕಿ ಹೇಗೆ ಕಾಪಾಡುತ್ತಾರೆ ಎಂದು ಅವರ ಬಾಯಿಂದಲೇ ಮಕ್ಕಳು ಕೇಳಲಿ. ಎಲ್ಲರಿಗೂ ಒಂದೊಂದು ಲೋಟ ಬೇವು ಕುಡಿಸಿ, ಹೊಸ ಹುಣಸೆ, ಬೆಲ್ಲ, ಮಾವಿನಕಾಯಿ, ಪುಟಾಣಿ, ಬೇವಿನ ಹೂ ಎಲ್ಲ ಹಾಕಿ ನಮ್ಮ ಕಡೆ ಮಾಡುವ ಹಾಗೆ.

ಮಕ್ಕಳಿಗೆ ನರ್ಸರಿ ಕೆಲಸ ಕೊಡಿ. ಹುಣಸೆ ಹಣ್ಣು ಈಗ ಮನೆ ಮನೆಯಲ್ಲೂ ಬಿಡಿಸುತ್ತಾರೆ, ಬೀಜ ಸುಮ್ನೆ ಎಸೆಯುತ್ತಾರೆ. ಒಂದು ರಾತ್ರಿ ನೆನೆಸಿ ಹಾಲಿನ ಪ್ಯಾಕೆಟ್‌ನಲ್ಲಿ ಮಣ್ಣು ತುಂಬಿ ಊರಿದರೆ ಎರಡು ವಾರದೊಳಗೆ ಮೊಳಕೆ ಕಾಣುತ್ತದೆ. ಹೊಂಗೆ ಕಾಯಿಯೂ ಈ ಬೇಸಿಗೆಯಲ್ಲಿ ಸಿಗುತ್ತದೆ. ಬೇವಿನ ಬೀಜಕ್ಕೆ ಮಾತ್ರ ಕಾಯಬೇಕು. ಮೇ ಕೊನೆಯಿಂದ ಹಣ್ಣು ಬೀಳುತ್ತದೆ, ಆರಿಸಿದ ಎರಡು ವಾರದೊಳಗೆ ಊರಿಬಿಡಿ, ಹಳೆಯದಾದರೆ ಮೊಳೆಯುವುದೇ ಇಲ್ಲ. ನೇರಳೆ ಬೀಜವೂ ಹಾಗೇ. ಇವು ಈ ಜುಲೈಗೆ ನೆಡುವಷ್ಟು ದೊಡ್ಡದಾಗುವುದಿಲ್ಲ, ಮುಂದಿನ ವರ್ಷಕ್ಕೆ ಆಗುತ್ತವೆ. ಈ ವರ್ಷದ ಸಸಿಗೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಈಗಲೇ ವಿಚಾರಿಸಿ ಇಡಿ.

ತರಕಾರಿ ಹಾಕುವವರಿಗೆ ಎರಡು ಮಾತು. ಟೊಮೆಟೊ ಈಗ ಹೊಸದಾಗಿ ಹಾಕಬೇಡಿ, 35 ಡಿಗ್ರಿ ದಾಟಿದ ಮೇಲೆ ಹೂ ಉದುರುತ್ತದೆ, ಕಾಯಿ ಕಟ್ಟುವುದಿಲ್ಲ. ಪುಂಡಿ, ಚವಳಿ, ಬೆಂಡಿ ಬಿಸಿಲು ತಡೆಯುತ್ತವೆ. ಪಡುವಣ ದಿಕ್ಕಿಗೆ ತೊಗರಿ ಕಟ್ಟಿಗೆಯಿಂದ ತಟ್ಟಿ ಕಟ್ಟಿದರೆ ಮಧ್ಯಾಹ್ನದ ಬಿಸಿಲು ಮುರಿಯುತ್ತದೆ, ನಮ್ಮ ಜಿಲ್ಲೆಯಲ್ಲಿ ತೊಗರಿ ಕಟ್ಟಿಗೆಗೇನು ಬರ? ಎರಡನೆಯದು ನೀರು. ಇಲ್ಲಿನ ಬೋರ್ ನೀರು ಗಡುಸು, ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ, ಎಲೆ ತುದಿ ಸುಡುತ್ತದೆ. ಅಕ್ಕಿ ತೊಳೆದ ನೀರು, ಎಸಿಯಿಂದ ಹನಿಯುವ ನೀರು ಹಿಡಿದು ಹಾಕಿ. ಆರ್‌ಒ ಫಿಲ್ಟರ್ ಹೊರಗೆ ಬಿಡುವ ನೀರನ್ನು ಮಾತ್ರ ಗಿಡಕ್ಕೆ ಹಾಕಬೇಡಿ, ಅದರಲ್ಲಿ ಉಪ್ಪಿನ ಅಂಶ ಇನ್ನೂ ಜಾಸ್ತಿ. ನೀರು ಉಳಿಸುತ್ತೇವೆ ಎಂದು ಅದನ್ನೇ ಸುರಿದು ತುಳಸಿ ಗಿಡ ಕಳೆದುಕೊಂಡವರನ್ನು ನೋಡಿದ್ದೇನೆ.

ಎರೆಮಣ್ಣು

ಗುಂಡಿ ಬಗ್ಗೆ. ಏಪ್ರಿಲ್‌ನಲ್ಲಿ ತೋಡಿ. ಹಿಂದಿನ ಸಂಜೆ ಗುರುತು ಹಾಕಿದ ಜಾಗಕ್ಕೆ ಎರಡು ಕೊಡ ನೀರು ಹಾಕಿ ಬಿಡಿ, ಬೆಳಗ್ಗೆ ಹಾರೆ ಇಳಿಯುತ್ತದೆ. ಎರಡು ಅಡಿ ಉದ್ದ, ಅಗಲ, ಆಳ. ಮೇಲಿನ ಮಣ್ಣು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ಹಾಕಿ, ಕೆಲವು ವಾರ ಬಿಸಿಲಿಗೆ ಬಿಡಿ, ಮಣ್ಣಿನಲ್ಲಿರುವ ಹುಳುವಿನ ಮೊಟ್ಟೆ, ಕಸದ ಬೀಜ ಸಾಯುತ್ತವೆ. ಮಕ್ಕಳು, ದನ ಓಡಾಡುವ ಜಾಗ ಆದರೆ ಸುತ್ತ ಗೂಟ ನೆಟ್ಟು ಹಗ್ಗ ಕಟ್ಟುವುದನ್ನು ಮರೆಯಬೇಡಿ. ಮೇ ಕೊನೆಗೆ ಮೇಲಿನ ಮಣ್ಣು, ತಿಪ್ಪೆಗೊಬ್ಬರ, ಗರಸು ಬೆರೆಸಿ ತುಂಬಿ, ನೆಲಕ್ಕಿಂತ ಅರ್ಧ ಅಡಿ ಎತ್ತರಕ್ಕೆ ದಿಬ್ಬ ಮಾಡಿ. ಎತ್ತರ ಯಾಕೆಂದರೆ ಎರೆ ಮಣ್ಣಿನ ಗುಂಡಿ ಮಳೆಗಾಲದಲ್ಲಿ ತೊಟ್ಟಿ ಇದ್ದ ಹಾಗೆ, ನೀರು ಇಂಗುವುದಿಲ್ಲ. ನಮ್ಮಲ್ಲಿ ಸೆಪ್ಟೆಂಬರ್ ಮಳೆಯೇ ಜೋರು, ಬಿಸಿಲಿಗೆ ಉಳಿದ ಸಸಿ ಆಗ ಬೇರು ಕೊಳೆತು ಸಾಯುತ್ತದೆ. ಜನ ಇದನ್ನು ಗಮನಿಸುವುದಿಲ್ಲ, ಬರೀ ಬೇಸಿಗೆಯನ್ನೇ ಬೈಯುತ್ತಾರೆ.

ನೂರೇ ಯಾಕೆ, ನಿಮ್ಮ ಜನ ಮುಂದಿನ ಬೇಸಿಗೆಯಲ್ಲಿ ಎಷ್ಟಕ್ಕೆ ನೀರು ಹೊರಬಲ್ಲರೋ ಅಷ್ಟೇ ಗುಂಡಿ ತೋಡಿ. ಮನೆಗೆ ಎರಡು ಸಸಿಯ ಜವಾಬ್ದಾರಿ ಅಂದರೂ ಸಾಕು.

ಶಹಾಪುರ ಮೇಷ್ಟ್ರು (ಯಾದಗಿರಿ ಜಿಲ್ಲೆ)

ಶಾಲಾ ತೋಟ ನೋಡಿಕೊಳ್ಳುವವನು ನಾನು, ಆದ್ದರಿಂದ ಬೇಸಿಗೆ ರಜೆಯ ಕಷ್ಟ ಗೊತ್ತು. ಏಪ್ರಿಲ್‌ನಲ್ಲಿ ಶಾಲೆ ಮುಚ್ಚಿದರೆ ಮಕ್ಕಳೂ ಇಲ್ಲ, ನೀರೂ ಇಲ್ಲ. ನಿಮ್ಮ ಬಳಗದಲ್ಲೂ ಮೇ ತಿಂಗಳಲ್ಲಿ ಮದುವೆ, ಊರು, ಜಾತ್ರೆ ಅಂತ ಅರ್ಧ ಜನ ಇರುವುದಿಲ್ಲ, ಈಗಲೇ ಪಾಳಿ ಬರೆದಿಡಿ.

ನಮಗೆ ದಾರಿ ತೋರಿಸಿದ್ದು ಗಡಿಗೆ. ಕುಂಬಾರರ ಹತ್ತಿರ ಬಣ್ಣ, ಪಾಲಿಶ್ ಇಲ್ಲದ ಮಣ್ಣಿನ ಗಡಿಗೆ ತಂದು ಸಸಿಯಿಂದ ಒಂದೂವರೆ ಅಡಿ ದೂರದಲ್ಲಿ ಕುತ್ತಿಗೆ ತನಕ ಹೂತು ನೀರು ತುಂಬಿಡುತ್ತೇವೆ. ಮಣ್ಣು ಒಣಗಿದಂತೆ ನೀರು ತಾನೇ ಜಿನುಗುತ್ತದೆ, ಬೇರು ಅದರ ಕಡೆಗೇ ಬೆಳೆಯುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ತುಂಬಿದರೆ ಸಾಕು, ಶಾಲೆ ಹಿಂದಿನ ಮನೆಯವರು ಅಷ್ಟನ್ನು ಖುಷಿಯಿಂದ ಮಾಡುತ್ತಾರೆ. ಬಾಯಿಗೆ ತಟ್ಟೆ ಮುಚ್ಚಿ, ಇಲ್ಲದಿದ್ದರೆ ಸೊಳ್ಳೆ ಮರಿ ಮಾಡುತ್ತದೆ, ಡೆಂಗಿ ಕಾಟ ಬೇಡ. ಇನ್ನೊಂದು, ಎಲೆ ರಾಶಿಗೆ ಮಕ್ಕಳು ಬರಿಗೈ ಹಾಕದಿರಲಿ. ನಮ್ಮ ಕಂದಕೂರಿನ ಬೆಟ್ಟದಲ್ಲಿ ನಾಗರಪಂಚಮಿ ದಿನ ಜನ ಚೇಳು ಹಿಡಿದು ಕೈ ಮೇಲೆ ಬಿಟ್ಟುಕೊಳ್ಳುತ್ತಾರೆ ನಿಜ, ಆದರೂ ಮಕ್ಕಳಿಗೆ ಗ್ಲೌಸು, ಬೂಟು ಬೇಕೇ ಬೇಕು. ಕೆಲಸ ಬೆಳಗ್ಗೆ ಒಂಬತ್ತರೊಳಗೆ ಮುಗಿಸಿ.

ನುಗ್ಗೆ ಹಾಕಿದ್ದೀರಿ, ಒಳ್ಳೆಯದು. ಬಿಸಿಯೂಟದ ಸಾರಿಗೆ ನಮ್ಮದೇ ನುಗ್ಗೆ ಸೊಪ್ಪು ಬಿದ್ದಾಗ ಮಕ್ಕಳ ಮುಖ ನೋಡಬೇಕು ನೀವು.

ಸೇಡಂ ರಸ್ತೆ ಬಳಗ

ನಿನ್ನೆ ಸಂಜೆ ಕೂತು ಮಾತಾಡಿದೆವು. ಯುಗಾದಿಗೆ ಬೀಜ ಹಂಚಿಕೆ ಮತ್ತು ಬೇವು, ಈ ಭಾನುವಾರದಿಂದಲೇ ಎಲೆ ಚೀಲ, ಏಪ್ರಿಲ್‌ನಲ್ಲಿ ಗುಂಡಿ, ನೆಡುವುದು ಜುಲೈಗೆ. ಮೇ ತಿಂಗಳ ನೀರಿನ ಪಾಳಿಗೆ ಹೆಸರು ಬರೆಸಿಕೊಳ್ಳುತ್ತಿದ್ದೇವೆ. ಹುಲ್ಲುಹಾಸು ಕೇಳಿದವರು ಸ್ವಲ್ಪ ಬೇಜಾರಾದರು, ಮರದ ನೆರಳಲ್ಲಿ ಮಕ್ಕಳಿಗೆ ಮರಳಿನ ಅಂಗಳ ಮಾಡೋಣ ಅಂದಾಗ ಒಪ್ಪಿದರು. ಮೇಷ್ಟ್ರೇ, ಗಡಿಗೆ ಎಷ್ಟು ದೊಡ್ಡದು ತರಬೇಕು? ಮತ್ತೆ ನಮ್ಮ ಗಡುಸು ನೀರಿಗೆ ಅದು ಕಟ್ಟಿಕೊಳ್ಳುವುದಿಲ್ಲವೇ?

ಶಹಾಪುರ ಮೇಷ್ಟ್ರು (ಯಾದಗಿರಿ ಜಿಲ್ಲೆ)

ಏಳೆಂಟು ಲೀಟರ್ ಹಿಡಿಯುವುದು ಸಾಕು. ಕೊಳ್ಳುವಾಗ ನೀರು ತುಂಬಿ ನೋಡಿ, ಸ್ವಲ್ಪ ಹೊತ್ತಿನಲ್ಲಿ ಹೊರಮೈ ಒದ್ದೆಯಾದರೆ ಅದು ಜಿನುಗುವ ಗಡಿಗೆ. ಗಡುಸು ನೀರಿಗೆ ನಿಧಾನವಾಗಿ ರಂಧ್ರ ಮುಚ್ಚುತ್ತವೆ, ನಿಜ. ಮಳೆಗಾಲ ಬಂದ ಮೇಲೆ ಕಿತ್ತು ತೆಂಗಿನ ನಾರಿನಿಂದ ಚೆನ್ನಾಗಿ ಉಜ್ಜಿ ಒಣಗಿಸಿಡಿ, ಮುಂದಿನ ಬೇಸಿಗೆಗೆ ಮತ್ತೆ ಬರುತ್ತದೆ. ಮೊದಲು ನೇರಳೆ ಸಸಿಗಳಿಗೆ ಹೂಳಿ, ಬೇವು ಹೊಂಗೆಗಿಂತ ಅವಕ್ಕೆ ನೀರು ಜಾಸ್ತಿ ಬೇಕು.