ಡೇವಿಡ್ ಲೀನ್ 14 ವರ್ಷ ಯಾಕೆ ಸಿನಿಮಾ ಮಾಡಲಿಲ್ಲ?

ಪ್ರಶ್ನೆ: ನಿನ್ನೆ ರಾತ್ರಿ ‘ಲಾರೆನ್ಸ್ ಆಫ್ ಅರೇಬಿಯಾ’ ನೋಡಿದೆ. ಮೂರೂವರೆ ಗಂಟೆ ಕೂತ ಜಾಗದಿಂದ ಏಳಲಿಲ್ಲ. ಇಂಥ ಸಿನಿಮಾ ಮಾಡಿದವರು 1970ರಿಂದ 1984ರವರೆಗೆ ಒಂದೂ ಕಥಾಚಿತ್ರ ಮಾಡಿಲ್ಲ. ಏನಾಯ್ತು ಇವರಿಗೆ?

ಉತ್ತರ 1: 1970ರಲ್ಲಿ ಲೀನ್ ಅವರ ‘ರಯಾನ್ಸ್ ಡಾಟರ್’ ಬಂದಾಗ ನ್ಯೂಯಾರ್ಕಿನ ವಿಮರ್ಶಕರು ಎದುರಿಗೇ ಕೂರಿಸಿಕೊಂಡು ಜಾಡಿಸಿದರು. ಮನುಷ್ಯ ಕುಗ್ಗಿ ಹೋದರು. ಆದರೆ ಸುಮ್ನೆ ಕೂತಿರಲಿಲ್ಲ. ಬೌಂಟಿ ಹಡಗಿನ ದಂಗೆಯ ಕಥೆಗೆ ವರ್ಷಗಟ್ಟಲೆ ದುಡಿದರು. ದುಡ್ಡು ಹಾಕುವವರು ಸಿಗಲಿಲ್ಲ.

ಉತ್ತರ 2: ನಾನು ಎಡಿಟಿಂಗ್ ಮಾಡುವವನು, ಹಾಗಾಗಿ ಸ್ವಲ್ಪ ಪಕ್ಷಪಾತ ಇದೆ. ಲೀನ್ ಹುಟ್ಟಿದ್ದು 1908ರಲ್ಲಿ, ಕ್ರಾಯ್ಡನ್‌ನಲ್ಲಿ. ಕ್ವೇಕರ್ ಅನ್ನೋ ಕ್ರೈಸ್ತ ಪಂಥದ ಮನೆತನ, ಚಿಕ್ಕಂದಿನಲ್ಲಿ ಸಿನಿಮಾ ನೋಡೋದೇ ನಿಷಿದ್ಧ! ಅದೇ ಹುಡುಗ ಮುಂದೆ ಸ್ಟುಡಿಯೋದಲ್ಲಿ ಟೀ ತಂದುಕೊಟ್ಟು, ಕ್ಲ್ಯಾಪ್ ಹೊಡೆದು, ಕೊನೆಗೆ ಎಡಿಟಿಂಗ್ ಕೋಣೆ ಸೇರಿದ. 1942ರಲ್ಲಿ ನಾಟಕಕಾರ ನೋಯೆಲ್ ಕವರ್ಡ್ ಜೊತೆ ಸೇರಿ ನಿರ್ದೇಶನಕ್ಕೆ ಇಳಿಯುವ ಹೊತ್ತಿಗೆ ಕತ್ತರಿ ಕೈಗೆ ಪಳಗಿತ್ತು. ಲಾರೆನ್ಸ್ ಬೆಂಕಿಕಡ್ಡಿ ಊದುತ್ತಾನೆ, ಮರುಕ್ಷಣ ಮರುಭೂಮಿಯಲ್ಲಿ ಸೂರ್ಯೋದಯ. ಆ ಕಟ್ ನಾನು ಎಷ್ಟು ಸಲ ಹಿಂದೆ ಮುಂದೆ ಓಡಿಸಿ ನೋಡಿದ್ದೇನೋ! ಅದರ ಸಂಕಲನಕಾರ್ತಿ ಆನ್ ಕೋಟ್ಸ್, ಅವರಿಗೆ ಆಸ್ಕರ್ ಕೂಡ ಬಂತು. ಕೊನೆಯ ಚಿತ್ರ ‘ಎ ಪ್ಯಾಸೇಜ್ ಟು ಇಂಡಿಯಾ’ವನ್ನು ಮಾತ್ರ ಲೀನ್ ತಾವೇ ಎಡಿಟ್ ಮಾಡಿದರು, 76ನೇ ವಯಸ್ಸಿನಲ್ಲಿ.

ಉತ್ತರ 3: ಅದರ ಗುಹೆಯ ದೃಶ್ಯಕ್ಕೆ ಸಾವನದುರ್ಗದ ಬಂಡೆಯನ್ನೇ ಆರಿಸಿದ್ದರು, ಗೊತ್ತಲ್ವಾ? ನನಗಂತೂ ಅವರ ದೊಡ್ಡ ಚಿತ್ರಗಳಿಗಿಂತ 1945ರ ‘ಬ್ರೀಫ್ ಎನ್‌ಕೌಂಟರ್’ ಜಾಸ್ತಿ ಇಷ್ಟ. ಒಂದು ರೈಲ್ವೆ ಸ್ಟೇಷನ್, ಇಬ್ಬರು ಮದುವೆಯಾದವರು, ಅಷ್ಟೇ.

ಪ್ರಶ್ನೆ ಕೇಳಿದವರು: ಹಾಗಾದರೆ ಇವತ್ತು ರಾತ್ರಿ ಅದೇ.